ಬಿಲ್ ಅಂತ ಹುಡುಕಿದರೆ ಇನ್‌ವಾಯ್ಸ್ ಸಿಗಲ್ಲ

ಪ್ರಿಂಟರ್ ಕೈಕೊಟ್ಟ ದಿನ ಸರ್ವಿಸ್ ಸೆಂಟರಿಗೆ ಫೋನ್ ಮಾಡಿದೆ. ವಾರಂಟಿ ಮುಗಿಯೋಕೆ ಇನ್ನೂ ಎರಡು ತಿಂಗಳಿತ್ತು. "ಕೊಂಡ ಬಿಲ್ ಕಳಿಸಿಬಿಡಿ ಮೇಡಂ, ನಾನು ಲೈನಲ್ಲೇ ಇರ್ತೀನಿ" ಅಂದರು ಆ ಕಡೆಯವರು. "ಇದೆ, ಒಂದೇ ನಿಮಿಷ" ಅಂದೆ.

ಇದ್ದದ್ದೂ ನಿಜವೇ. ಆದರೆ "ಬಿಲ್" ಅಂತ ಹುಡುಕಿದರೆ ಏನೂ ಬರಲಿಲ್ಲ. "ಪ್ರಿಂಟರ್" ಅಂದರೆ ಡ್ರೈವರು, ಮ್ಯಾನುಯಲ್ಲು, ಯಾವುದೋ ಕಾಲದ ಜಾಹೀರಾತು ಎಲ್ಲ ಬಂದವು. "ವಾರಂಟಿ" ಅಂದರೆ ಸೊನ್ನೆ. ಅಷ್ಟರಲ್ಲಿ ಲೈನ್ ಕಟ್ಟಾಯಿತು. 50 ನಿಮಿಷ ಆದ ಮೇಲೆ ಡೌನ್‌ಲೋಡ್ಸ್ ಫೋಲ್ಡರಿನ ತಳದಲ್ಲಿ ಸಿಕ್ಕಿತು. "ಇನ್‌ವಾಯ್ಸ್" ಅನ್ನೋ ಪದ, ಅದರ ಹಿಂದೆ ಹನ್ನೊಂದು ಅಂಕಿ. ಅಷ್ಟೇ ಅದರ ಹೆಸರು. ಅಂಗಡಿಯವರ ಬಾಯಲ್ಲಿ ಅದು ಇನ್‌ವಾಯ್ಸ್, ನನ್ನ ಬಾಯಲ್ಲಿ ಬಿಲ್. ಫೈಲ್ ಎಲ್ಲೂ ಕಳೆದುಹೋಗಿರಲಿಲ್ಲ. ಬೇರೆಯವರು ಇಟ್ಟ ಹೆಸರಲ್ಲಿ ನಮ್ಮನೆಯಲ್ಲೇ ಕೂತಿತ್ತು.

ನಾನು ಅನುವಾದಕಿ. 16 ವರ್ಷದ ಕರಡುಗಳು, ಪದಪಟ್ಟಿಗಳು, ಒಪ್ಪಂದಗಳು, ಸ್ಕ್ಯಾನ್ ಮಾಡಿದ ಕಾಗದಗಳು, ಫೋಟೋಗಳು ಎಲ್ಲ ಸೇರಿ ಸುಮಾರು 40 ಸಾವಿರ ಫೈಲ್ ನನ್ನ ಹತ್ತಿರ ಇವೆ. ಆ ಪ್ರಿಂಟರ್ ಕೈಕೊಡೋಕೂ ಮುಂಚೆ ಮೂರು ಸಲ ಎಲ್ಲವನ್ನೂ "ಜೋಡಿಸಿದ್ದೆ". ಮೂರು ಸಲವೂ ಚೆಂದದ ಫೋಲ್ಡರುಗಳಾದವು, ಹುಡುಕಾಟ ಮಾತ್ರ ಹಾಗೇ ಉಳಿಯಿತು. ಯಾಕೆ ಅಂದರೆ ಇಡುವಾಗಿನ ತಲೆ ಬೇರೆ, ಹುಡುಕುವಾಗಿನ ತಲೆ ಬೇರೆ. ಇಡುವಾಗ ಪುರುಸೊತ್ತಾಗಿ ಕೂತು "ಖರೀದಿ ದಾಖಲೆಗಳು" ಅಂತ ಬರೆಯುತ್ತೇವೆ. ಹುಡುಕುವಾಗ ಯಾರೋ ಕಾಯುತ್ತಿರುತ್ತಾರೆ, ಬೆರಳಿಗೆ ಬರೋದು "ಬಿಲ್" ಒಂದೇ. ಹಾಗಾಗಿ ನಾಲ್ಕನೇ ಸಲ ಉಲ್ಟಾ ಕಡೆಯಿಂದ ಶುರು ಮಾಡಿದೆ.

ಮೊದಲು 15 ದಿನ ಬರೆದಿಡಿ

ಒಂದು ಫೈಲನ್ನೂ ಮುಟ್ಟಬೇಡಿ. ಹೊಸ ಫೋಲ್ಡರ್ ಮಾಡಬೇಡಿ. ಒಂದು ಕಾಗದ ತೆಗೆದುಕೊಂಡು ಮೇಜಿನ ಮೇಲೆ ಇಟ್ಟುಕೊಳ್ಳಿ. ಕಂಪ್ಯೂಟರಲ್ಲೋ ಫೋನಲ್ಲೋ ಏನಾದರೂ ಹುಡುಕಿದಾಗೆಲ್ಲ ಒಂದು ಸಾಲು ಬರೆಯಿರಿ: ಏನು ಬೇಕಿತ್ತು, ಮೊದಲು ಯಾವ ಪದ ಟೈಪ್ ಮಾಡಿದಿರಿ, ಕೊನೆಗೆ ಎಲ್ಲಿ ಯಾವ ಹೆಸರಲ್ಲಿ ಸಿಕ್ಕಿತು.

ನನ್ನ ಕಾಗದದಲ್ಲಿ ಹೀಗಿದ್ದವು:

"ಕಾರಿನ ವಿಮೆ. ಟೈಪ್ ಮಾಡಿದ್ದು: ಇನ್ಶೂರೆನ್ಸ್. ಸಿಕ್ಕಿದ್ದು: ಪಾಲಿಸಿ ಶೆಡ್ಯೂಲ್, ಇಮೇಲಿನಲ್ಲಿ."

"ಹಿಂದಿನ ವರ್ಷದ ವೈದ್ಯಕೀಯ ಪದಪಟ್ಟಿ. ಟೈಪ್ ಮಾಡಿದ್ದು: ಮೆಡಿಕಲ್. ಸಿಕ್ಕಿದ್ದು: ಹೊಸದು ಫೈನಲ್ 2."

"ವೈಫೈ ರೂಟರಿನ ಹಿಂದಿನ ಚೀಟಿಯ ಫೋಟೋ. ಟೈಪ್ ಮಾಡಿದ್ದು: ಏನೂ ಇಲ್ಲ, ಗ್ಯಾಲರಿ ಉಜ್ಜಿ ಉಜ್ಜಿ ಸಿಗಲಿಲ್ಲ."

15 ದಿನದಲ್ಲಿ 31 ಸಾಲಾಯಿತು. ನೋಡಿದರೆ ಆ 40 ಸಾವಿರದಲ್ಲಿ ನಾನು ನಿಜವಾಗಿ ಹುಡುಕೋದು ನಾಲ್ಕೈದು ಬಗೆಯ ವಸ್ತು ಅಷ್ಟೇ: ಗುರುತಿನ ಕಾಗದಗಳು, ಬಿಲ್ಲುಗಳು, ಹಳೇ ಕೆಲಸದ ಕರಡು, ಯಾರೋ ವಾಟ್ಸ್ಆಪಿನಲ್ಲಿ ಕಳಿಸಿದ್ದು, ಎಲ್ಲೋ ಓದಿದ್ದು. ಉಳಿದದ್ದು ಸುಮ್ನೆ ಬಿದ್ದಿದೆ. ಬಿದ್ದಿರಲಿ, ಅದರಿಂದ ತೊಂದರೆ ಇಲ್ಲ. ನಿಮ್ಮ ಪಟ್ಟಿ ನನ್ನದಕ್ಕಿಂತ ಬೇರೆ ಇರುತ್ತದೆ. ಅದಕ್ಕೇ ಇನ್ನೊಬ್ಬರ ಫೋಲ್ಡರ್ ಪದ್ಧತಿಯನ್ನು ಹಾಗೇ ತಂದು ಹಾಕಿಕೊಂಡರೆ ಕೂರಲ್ಲ. ನನ್ನ ಮೂರು ಸಲದಲ್ಲಿ ಎರಡು ಸಲ ಅದನ್ನೇ ಮಾಡಿದ್ದೆ.

ಫೋಲ್ಡರ್ ಕಮ್ಮಿ ಇರಲಿ

ಇದನ್ನು ಬೇಗ ಮುಗಿಸುತ್ತೇನೆ. ಇದಕ್ಕೆ ಜನ ಕೊಡೋ ಸಮಯ ಜಾಸ್ತಿ, ಸಿಗೋ ಫಲ ಕಮ್ಮಿ.

ನನ್ನ ಹತ್ತಿರ ಆರು ಫೋಲ್ಡರ್ ಇವೆ: ಬಂದದ್ದು, ಕಾಗದಪತ್ರ, ಕೆಲಸ, ಓದಿದ್ದು, ಫೋಟೋ, ಹಳೇದು. "ಕೆಲಸ" ಮತ್ತು "ಫೋಟೋ" ಒಳಗೆ ವರ್ಷಕ್ಕೊಂದು ಫೋಲ್ಡರ್. ಅದಕ್ಕಿಂತ ಕೆಳಗೆ ಇಳಿಯಲ್ಲ. "ಬಂದದ್ದು" ಅನ್ನೋದು ಹೊಸ್ತಿಲು ಇದ್ದ ಹಾಗೆ. ಹೊಸದೆಲ್ಲ ಮೊದಲು ಅಲ್ಲಿಗೆ ಬರುತ್ತದೆ, ಹೆಸರು ಸಿಕ್ಕ ಮೇಲೆ ಒಳಗೆ ಹೋಗುತ್ತದೆ.

"ಇತರೆ" ಅನ್ನೋ ಫೋಲ್ಡರ್ ಮಾತ್ರ ಮಾಡಬೇಡಿ. ಸೋಮಾರಿತನ ಬಂದ ದಿನವೆಲ್ಲ ಅದರೊಳಗೆ ಹಾಕುತ್ತೀರಿ. ಆರು ತಿಂಗಳಲ್ಲಿ ಅದೇ ಎಲ್ಲದಕ್ಕಿಂತ ದೊಡ್ಡ ಫೋಲ್ಡರ್ ಆಗಿರುತ್ತದೆ.

ಹಳೆಯ ಫೈಲುಗಳನ್ನು ಏನು ಮಾಡೋದು? ಏನೂ ಮಾಡಬೇಡಿ. ಇವತ್ತಿನವರೆಗಿನದನ್ನೆಲ್ಲ ಇದ್ದ ಹಾಗೇ "ಹಳೇದು" ಒಳಗೆ ತಳ್ಳಿ. ಯಾವತ್ತಾದರೂ ಅದರಿಂದ ಒಂದು ಬೇಕಾಗಿ ಹುಡುಕಿ ತೆಗೆದರೆ, ಆಗ ಅದೊಂದಕ್ಕೆ ಸರಿಯಾದ ಹೆಸರಿಟ್ಟು ಹೊಸ ಜಾಗಕ್ಕೆ ತನ್ನಿ. ಎರಡು ವರ್ಷದಲ್ಲಿ ನಾನು ಹಾಗೆ ಹೊರಗೆ ತಂದದ್ದು 200 ಕೂಡ ದಾಟಿಲ್ಲ.

ಹೆಸರಲ್ಲೇ ಎಲ್ಲ ಇರೋದು

ಈ ಭಾಗಕ್ಕೆ ಸ್ವಲ್ಪ ತಾಳ್ಮೆ ಇರಲಿ. ಆ ಪ್ರಿಂಟರ್ ಬಿಲ್ಲಿಗೆ ನಾನು ಇಟ್ಟ ಹೊಸ ಹೆಸರು ಇದು:

2021-06-18_ಬಿಲ್_ಇನ್‌ವಾಯ್ಸ್_ಪ್ರಿಂಟರ್_ವಾರಂಟಿ-2023-06

ಮೊದಲು ತಾರೀಖು. ವರ್ಷ, ತಿಂಗಳು, ದಿನ, ಇದೇ ಕ್ರಮದಲ್ಲಿ. ಕಂಪ್ಯೂಟರ್ ಹೆಸರುಗಳನ್ನು ಎಡಗಡೆಯಿಂದ ಜೋಡಿಸುತ್ತಾ ಹೋಗುತ್ತದೆ. 12-03-2024 ಅಂತ ಬರೆದರೆ ಎಲ್ಲಾ ವರ್ಷದ ಎಲ್ಲಾ ತಿಂಗಳ 12ನೇ ತಾರೀಖುಗಳು ಒಂದೇ ಕಡೆ ಗುಂಪಾಗುತ್ತವೆ. ವರ್ಷ ಮುಂದೆ ಬಂದರೆ ಕಾಲಾನುಕ್ರಮ ತಾನೇ ಬರುತ್ತದೆ. ಇದು ನನ್ನ ಬುದ್ಧಿಯಲ್ಲ. ಐಎಸ್ಒ 8601 ಅನ್ನೋ ಅಂತರರಾಷ್ಟ್ರೀಯ ಮಾನದಂಡ 1988ರಿಂದಲೇ ಇದೆ, ಅದು ಹೇಳೋ ಕ್ರಮವೇ ಇದು. ನನಗೆ ಇದರಿಂದ ಇನ್ನೊಂದು ಉಪಕಾರ ಆಗಿದೆ. ಒಮ್ಮೆ ಗ್ರಾಹಕರೊಬ್ಬರು 03-04 ಅಂತ ಗಡುವು ಬರೆದಿದ್ದರು. ನಾನು ಏಪ್ರಿಲ್ 3 ಅಂದುಕೊಂಡೆ, ಅವರ ದೇಶದಲ್ಲಿ ಅದು ಮಾರ್ಚ್ 4. ಒಂದು ತಿಂಗಳ ಕೆಲಸ ಒಂದು ವಾರದಲ್ಲಿ ಮಾಡಿದೆ.

ಒಂದಂಕಿ ತಿಂಗಳಿಗೆ ಮುಂದೆ ಸೊನ್ನೆ ಹಾಕಿ: 6 ಅಲ್ಲ, 06. ಇಲ್ಲದಿದ್ದರೆ ಕೆಲವು ಕಡೆ 10 ಬಂದು 2ರ ಮುಂದೆ ನಿಲ್ಲುತ್ತದೆ. ಕಂಪ್ಯೂಟರಿನಲ್ಲಿ ಸರಿಯಾಗಿ ಕಂಡರೂ ಫೋನಿನ ಆಪ್‌ನಲ್ಲಿ ಉಲ್ಟಾ ಆಗಬಹುದು.

ಯಾವ ತಾರೀಖು ಅನ್ನೋದೂ ಮುಖ್ಯ. ಕಾಗದದ ಮೇಲೆ ಇರೋ ತಾರೀಖು ಹಾಕಿ, ನೀವು ಸ್ಕ್ಯಾನ್ ಮಾಡಿದ್ದಲ್ಲ. ಫೈಲಿನ ಗುಣಲಕ್ಷಣದಲ್ಲಿ ಕಾಣೋ "ಮಾರ್ಪಡಿಸಿದ ದಿನಾಂಕ" ನಂಬಬೇಡಿ, ತೆರೆದು ಒಂದು ಸಲ ಸೇವ್ ಮಾಡಿದರೆ ಸಾಕು ಬದಲಾಗುತ್ತದೆ. ತಾರೀಖು ಗೊತ್ತಿಲ್ಲವಾ, ವರ್ಷ ಮಾತ್ರ ಹಾಕಿ. 2014 ಅಂತಷ್ಟೇ ಇದ್ದರೂ ಸರಿಯಾದ ಜಾಗದಲ್ಲೇ ನಿಲ್ಲುತ್ತದೆ. ಅವಧಿ ಮುಗಿಯೋ ವಸ್ತುವಾದರೆ ಆ ತಾರೀಖನ್ನು ಕೊನೆಯಲ್ಲಿ ಹಾಕಿ. "2023-06" ಅಂತ ಹುಡುಕಿದರೆ ಆ ತಿಂಗಳು ಮುಗಿಯೋದೆಲ್ಲ ಒಟ್ಟಿಗೆ ಬರುತ್ತದೆ. ನನಗೆ ಇದು ಜ್ಞಾಪನಾ ಪಟ್ಟಿಯಾಗಿಯೂ ಕೆಲಸ ಮಾಡುತ್ತಿದೆ.

ಆಮೇಲೆ ಪದಗಳು. ಮೊದಲು ನನ್ನ ಪದ, ಪಕ್ಕದಲ್ಲೇ ಕಾಗದದ ಪದ. "ಬಿಲ್" ನನ್ನದು, "ಇನ್‌ವಾಯ್ಸ್" ಅವರದು. ಎರಡೂ ಇದ್ದರೆ ಯಾವ ತಲೆಯಿಂದ ಹುಡುಕಿದರೂ ಸಿಗುತ್ತದೆ. ಒಂದೇ ಅರ್ಥದ ಎರಡು ಪದ ಅಂತ ಮುಜುಗರ ಬೇಡ, ಇದು ಪ್ರಬಂಧ ಅಲ್ಲ.

ಕರಡುಗಳಿಗೆ "ಫೈನಲ್" ಅನ್ನೋ ಪದ ಬಿಟ್ಟುಬಿಡಿ. ನನ್ನ ಹಳೇ ಫೋಲ್ಡರಿನಲ್ಲಿ ಫೈನಲ್, ಹೊಸ ಫೈನಲ್, ಹೊಸ ಫೈನಲ್ 2, ಇದೇ ಫೈನಲ್ ಅಂತ ನಾಲ್ಕು ಇವೆ. ಗ್ರಾಹಕರಿಗೆ ಹೋದದ್ದು ಮೂರನೆಯದು. ಈಗ ಕ01, ಕ02 ಅಂತ ಹಾಕುತ್ತೇನೆ, ಕಳಿಸಿದ್ದಕ್ಕೆ ಮಾತ್ರ ಕೊನೆಯಲ್ಲಿ "ಕಳಿಸಿದ್ದು".

ಹೆಸರಲ್ಲಿ ಓರೆಗೆರೆ, ಪ್ರಶ್ನಾರ್ಥಕ ಚಿಹ್ನೆ, ಎರಡು ಚುಕ್ಕೆ (:), ನಕ್ಷತ್ರ ಬೇಡ. ವಿಂಡೋಸ್ ಇವನ್ನು ಒಪ್ಪಲ್ಲ. ಹೆಸರು ತೀರ ಉದ್ದವೂ ಬೇಡ. ವಿಂಡೋಸಿನಲ್ಲಿ ಫೋಲ್ಡರ್ ದಾರಿಯೂ ಸೇರಿ 260 ಅಕ್ಷರ ಅನ್ನೋ ಹಳೇ ಮಿತಿ ಇನ್ನೂ ಎಷ್ಟೋ ಕಡೆ ಅಡ್ಡ ಬರುತ್ತದೆ. ಕನ್ನಡದಲ್ಲಿ ಕಾಗುಣಿತ, ಒತ್ತು ಎಲ್ಲ ಬೇರೆ ಬೇರೆ ಲೆಕ್ಕ, ಆದ್ದರಿಂದ ಕಣ್ಣಿಗೆ ಚಿಕ್ಕದಾಗಿ ಕಂಡರೂ ಅಕ್ಷರಗಳ ಎಣಿಕೆ ಜಾಸ್ತಿಯೇ ಇರುತ್ತದೆ. ಮತ್ತೆ, ಕೆಲವು ಅರ್ಜಿ ಪೋರ್ಟಲ್‌ಗಳು ಕನ್ನಡ ಹೆಸರಿನ ಫೈಲ್ ತೆಗೆದುಕೊಳ್ಳಲ್ಲ. ಆಗ ಒಂದು ನಕಲು ಮಾಡಿ, ಅದಕ್ಕೆ ಇಂಗ್ಲಿಷ್ ಅಕ್ಷರದ ಹೆಸರು ಕೊಟ್ಟು ಕಳಿಸಿ. ಮೂಲದ ಹೆಸರು ಮುಟ್ಟಬೇಡಿ.

ಒಟ್ಟಿಗೆ ಹತ್ತಾರು ಫೈಲುಗಳ ಹೆಸರು ಬದಲಿಸಬೇಕಾ? ವಿಂಡೋಸಿಗೆ ಮೈಕ್ರೋಸಾಫ್ಟಿನದೇ ಉಚಿತ ತಂತ್ರಾಂಶ ಪವರ್‌ಟಾಯ್ಸ್ ಹಾಕಿಕೊಂಡರೆ ಪವರ್‌ರಿನೇಮ್ ಅಂತ ಒಂದು ಸೌಲಭ್ಯ ಸಿಗುತ್ತದೆ. ಮ್ಯಾಕ್‌ನ ಫೈಂಡರಿನಲ್ಲಿ ಅದು ಮೊದಲೇ ಇದೆ.

ಕನ್ನಡದಲ್ಲಿ ಹುಡುಕುವಾಗಿನ ಮೂರು ಕಾಟ

ಇದನ್ನು ಯಾರೂ ಹೇಳಿಕೊಡಲಿಲ್ಲ, ಏಟು ತಿಂದೇ ಕಲಿತೆ.

ಮೊದಲನೆಯದು ಹಳೇ ಫಾಂಟು. ಯೂನಿಕೋಡ್, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡೋ ಪದ್ಧತಿ, ಬಳಕೆಗೆ ಬರೋ ಮುಂಚೆ ನಾವು ನುಡಿ, ಬರಹ ತಂತ್ರಾಂಶಗಳ ಫಾಂಟಿನಲ್ಲಿ ಟೈಪ್ ಮಾಡುತ್ತಿದ್ದೆವು, ಅಲ್ವಾ? ಆ ಫೈಲಿನ ಒಳಗೆ ನಿಜವಾಗಿ ಇರೋದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ. ಫಾಂಟು ಅವಕ್ಕೆ ಕನ್ನಡದ ವೇಷ ಹಾಕಿ ತೋರಿಸುತ್ತದೆ. ಫಾಂಟ್ ಬದಲಿಸಿ ನೋಡಿ, ಗೊತ್ತಾಗುತ್ತದೆ. ಇಂಥ ಫೈಲಿನ ಒಳಗೆ "ಒಪ್ಪಂದ" ಅಂತ ಹುಡುಕಿದರೆ ಜನ್ಮದಲ್ಲಿ ಸಿಗಲ್ಲ, ಕಣ್ಣೆದುರು ಆ ಪದ ಇದ್ದರೂ ಸಿಗಲ್ಲ. ಯೂನಿಕೋಡಿಗೆ ಬದಲಿಸೋ ಪರಿವರ್ತಕಗಳಿವೆ. ಬೇಕಾದ ಫೈಲಿಗೆ ಮಾತ್ರ ಬಳಸಿ, ಮೂಲ ಹಾಗೇ ಇರಲಿ. ಒತ್ತಕ್ಷರ, ಅರ್ಕಾವೊತ್ತು ಕೆಲವೊಮ್ಮೆ ತಪ್ಪುತ್ತವೆ, ಒಮ್ಮೆ ಓದಿ ನೋಡಬೇಕು. ಅಷ್ಟು ಪುರುಸೊತ್ತಿಲ್ಲದಿದ್ದರೆ ಫೈಲಿನ ಹೆಸರನ್ನಾದರೂ ಯೂನಿಕೋಡಿನಲ್ಲಿ ಸರಿಯಾಗಿ ಇಡಿ.

ಎರಡನೆಯದು ಕಣ್ಣಿಗೆ ಕಾಣದ ಕಾಟ. "ಲ್ಯಾಪ್‌ಟಾಪ್" ಅಂತ ಬಿಡಿಸಿ ಬರೆಯಬೇಕಾದರೆ ಪ್ ಆದ ಮೇಲೆ ಒಂದು ಅದೃಶ್ಯ ಅಕ್ಷರ ಬೇಕು. ಜೀರೋ ವಿಡ್ತ್ ನಾನ್ ಜಾಯ್ನರ್ ಅಂತ ಅದರ ಹೆಸರು. ಅದು ಇಲ್ಲದಿದ್ದರೆ ಟ ಬಂದು ಒತ್ತಾಗಿ ಕೆಳಗೆ ಕೂರುತ್ತದೆ: ಲ್ಯಾಪ್ಟಾಪ್. ಒಂದು ಕೀಬೋರ್ಡಿನಲ್ಲಿ ಹಾಗೆ ಬರುತ್ತದೆ, ಇನ್ನೊಂದರಲ್ಲಿ ಹೀಗೆ. ಫೈಲ್ ಹೆಸರಲ್ಲಿ ಅದು ಇದ್ದು, ನಾವು ಹುಡುಕಿದ್ದರಲ್ಲಿ ಇಲ್ಲದಿದ್ದರೆ ಕೆಲವು ತಂತ್ರಾಂಶಗಳಿಗೆ ಎರಡೂ ಬೇರೆ ಬೇರೆ ಪದ. ಇದಕ್ಕೆ ನನ್ನ ಉಪಾಯ ಬಹಳ ಸರಳ. ಪೂರ್ತಿ ಪದ ಟೈಪ್ ಮಾಡಲ್ಲ. "ಲ್ಯಾಪ್" ಅಂತ ಅಲ್ಲಿಗೇ ನಿಲ್ಲಿಸುತ್ತೇನೆ, ಎರಡೂ ಬರುತ್ತವೆ. ಹೆಸರಿಡುವಾಗಲೂ ಇಂಥ ತೊಡಕಿಲ್ಲದ ಪದ ಇದ್ದರೆ ಅದನ್ನೇ ಮೊದಲು ಹಾಕಿ. ನನ್ನ ಬಿಲ್ಲಿನ ಹೆಸರಲ್ಲಿ "ಇನ್‌ವಾಯ್ಸ್" ಇದೆಯಲ್ಲ, ಅದರಲ್ಲೂ ಈ ಅದೃಶ್ಯ ಅಕ್ಷರ ಇದೆ. "ಬಿಲ್"ನಲ್ಲಿ ಇಲ್ಲ.

ಮೂರನೆಯದು ನಮ್ಮದೇ ಬರವಣಿಗೆ. ಇನ್ಶೂರೆನ್ಸ್, ಇನ್ಶುರೆನ್ಸ್, ಇನ್ಷೂರೆನ್ಸ್, ವಿಮೆ. ನಾಲ್ಕನ್ನೂ ನಾನೇ ಬರೆದಿದ್ದೇನೆ, ಬೇರೆ ಬೇರೆ ವರ್ಷ. ಅದಕ್ಕೆ "ನನ್ನ ಪದಗಳು" ಅಂತ ಒಂದು ಸಾದಾ ಟೆಕ್ಸ್ಟ್ ಫೈಲ್ ಮಾಡಿಕೊಂಡೆ. ಅದರಲ್ಲಿ 40 ಸಾಲಿದೆ. ಎಡಗಡೆ ನಾನು ಖಾಯಂ ಮಾಡಿಕೊಂಡ ಪದ, ಬಲಗಡೆ ಬಿಟ್ಟ ಪದಗಳು. ವಿಮೆ: ಇನ್ಶೂರೆನ್ಸ್, ಪಾಲಿಸಿ. ಬಿಲ್: ರಸೀದಿ, ಇನ್‌ವಾಯ್ಸ್. ಅನುವಾದದ ಕೆಲಸದಲ್ಲಿ ಪದಪಟ್ಟಿ ಇಲ್ಲದೆ ಒಂದು ಪುಟ ಮುಟ್ಟದವಳು, ನನ್ನ ಸ್ವಂತ ಫೈಲುಗಳಿಗೆ ಒಂದು ಪದಪಟ್ಟಿ ಬೇಕು ಅಂತ ಹೊಳೆಯೋಕೆ 14 ವರ್ಷ ತೆಗೆದುಕೊಂಡೆ.

ಚಿತ್ರವಾಗಿರೋ ಕಾಗದ

ಸ್ಕ್ಯಾನ್ ಮಾಡಿದ ಪಿಡಿಎಫ್ ಎಷ್ಟೋ ಸಲ ಬರೀ ಚಿತ್ರ. ಪರೀಕ್ಷೆ ಸುಲಭ: ತೆರೆದು ಒಂದು ಸಾಲಿನ ಮೇಲೆ ಮೌಸ್ ಎಳೆಯಿರಿ. ಅಕ್ಷರ ಆಯ್ಕೆ ಆಗದಿದ್ದರೆ ಕಂಪ್ಯೂಟರಿಗೆ ಅದರಲ್ಲಿ ಒಂದು ಅಕ್ಷರವೂ ಕಾಣಲ್ಲ. ಅದಕ್ಕೆ ಓಸಿಆರ್, ಅಂದರೆ ಚಿತ್ರದೊಳಗಿನ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿ ತೆಗೆಯೋ ಕೆಲಸ, ಮಾಡಬೇಕು. ಗೂಗಲ್ ಡ್ರೈವಿಗೆ ಹಾಕಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಅಕ್ಷರಗಳನ್ನು ತೆಗೆದುಕೊಡುತ್ತದೆ, ಕನ್ನಡವನ್ನೂ ಓದುತ್ತದೆ. ಕಾಗದ ಹೊರಗೆ ಹೋಗೋದು ಇಷ್ಟವಿಲ್ಲದಿದ್ದರೆ ಟೆಸೆರಾಕ್ಟ್ ಅನ್ನೋ ಉಚಿತ ತಂತ್ರಾಂಶ ನಿಮ್ಮ ಕಂಪ್ಯೂಟರಿನಲ್ಲೇ ಓಡುತ್ತದೆ, ಅದಕ್ಕೂ ಕನ್ನಡದ ಕಡತ ಇದೆ. ಕೈಬರಹವನ್ನು ಇವು ಓದೋದು ಅಷ್ಟಕ್ಕಷ್ಟೆ. ಕೈಬರಹದ ಕಾಗದಕ್ಕೆ ಹೆಸರೇ ಗತಿ, ಎರಡು ಪದ ಜಾಸ್ತಿ ಹಾಕಿ.

ವಾಟ್ಸ್ಆಪಿನದು ಬೇರೆಯೇ ಕತೆ. ಅದರಲ್ಲಿ ಬಂದ ಫೋಟೋದ ಹೆಸರಲ್ಲಿ ಒಂದು ತಾರೀಖು ಇರುತ್ತದೆ, ಅದು ನಿಮಗೆ ಬಂದ ದಿನದ್ದು, ಫೋಟೋ ತೆಗೆದ ದಿನದ್ದಲ್ಲ. ಕ್ಯಾಮೆರಾ ಫೋಟೋದೊಳಗೆ ಬರೆದಿಡೋ ತಾರೀಖು, ಜಾಗ ಎಲ್ಲ ಹಾಗೆ ಕಳಿಸುವಾಗ ಅಳಿಸಿಹೋಗುತ್ತದೆ. ಅದಕ್ಕೆ ಮುಖ್ಯವಾದ ಫೋಟೋವನ್ನು "ಡಾಕ್ಯುಮೆಂಟ್" ಆಗಿ ಕಳಿಸಿ ಅಂತ ಕೇಳಿ, ಮೂಲ ಹಾಗೇ ಬರುತ್ತದೆ. ಇನ್ನೊಂದು: ತುಂಬಾ ದಿನ ಬಿಟ್ಟು ಹಳೇ ಫೈಲ್ ಒತ್ತಿದರೆ "ಮತ್ತೆ ಕಳಿಸಲು ಹೇಳಿ" ಅನ್ನೋ ಉತ್ತರ ಬರಬಹುದು. ಚಾಟ್ ಅನ್ನೋದು ಬಾಗಿಲು, ಬೀರು ಅಲ್ಲ. ಬೇಕಾದದ್ದನ್ನು ಅವತ್ತೇ "ಬಂದದ್ದು" ಫೋಲ್ಡರಿಗೆ ಇಳಿಸಿಕೊಳ್ಳಿ.

ಓದಿದ ಪುಟಗಳ ವಿಷಯದಲ್ಲೂ ಇದೇ. ಬುಕ್‌ಮಾರ್ಕ್ ಇಟ್ಟರೆ ವಿಳಾಸ ಮಾತ್ರ ಉಳಿಯುತ್ತದೆ, ಪುಟ ಉಳಿಯಲ್ಲ. ಪ್ರಿಂಟ್ ಒತ್ತಿ ಪಿಡಿಎಫ್ ಆಗಿ ಸೇವ್ ಮಾಡಿ. ಹೆಸರಿನ ಕೊನೆಗೆ ಯಾಕೆ ಇಟ್ಟೆ ಅಂತ ಎರಡು ಪದ ಹಾಕಿ. ಈಗಾಗಲೇ ಸತ್ತ ಕೊಂಡಿ ಇದ್ದರೆ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನಿನಲ್ಲಿ ಆ ವಿಳಾಸ ಹಾಕಿ ನೋಡಿ. 1996ರಿಂದ ಜಾಲದ ಪುಟಗಳನ್ನು ಕೂಡಿಡುತ್ತಾ ಬಂದಿದ್ದಾರೆ, ಎಷ್ಟೋ ಸಲ ಸಿಗುತ್ತದೆ.

ಹುಡುಕೋ ಯಂತ್ರಕ್ಕೆ ದಾರಿ ತೋರಿಸಿ

ವಿಂಡೋಸಿನ ಹುಡುಕಾಟ ಮೊದಲಿಗೆ ಎಲ್ಲಾ ಕಡೆ ಸೂಚಿ, ಅಂದರೆ ಎಲ್ಲಿ ಏನಿದೆ ಅನ್ನೋ ಪಟ್ಟಿ, ಮಾಡಿಕೊಂಡಿರಲ್ಲ. ಡಾಕ್ಯುಮೆಂಟ್ಸ್, ಚಿತ್ರಗಳು, ಡೆಸ್ಕ್‌ಟಾಪ್ ಇಂಥ ಕೆಲವೇ ಜಾಗ. ನನ್ನ ಹಾಗೆ ಎಲ್ಲವನ್ನೂ ಡಿ ಡ್ರೈವಿನಲ್ಲಿ ಇಟ್ಟವರು "ಇದರಲ್ಲಿ ಏನೂ ಸಿಗಲ್ಲ" ಅಂತ ಬೈಯುತ್ತಾ ಕೂರುತ್ತಾರೆ. ಸೆಟ್ಟಿಂಗ್ಸ್‌ನಲ್ಲಿ ಹುಡುಕಾಟದ ಭಾಗಕ್ಕೆ ಹೋಗಿ ನಿಮ್ಮ ಫೋಲ್ಡರನ್ನು ಸೇರಿಸಿ. ಸೂಚಿ ಪೂರ್ತಿಯಾಗೋಕೆ ಸ್ವಲ್ಪ ಹೊತ್ತು ಬೇಕು, ರಾತ್ರಿ ಬಿಟ್ಟುಬಿಡಿ. ಹೆಸರಿನಿಂದ ಮಾತ್ರ ಹುಡುಕೋದಾದರೆ ಎವೆರಿಥಿಂಗ್ ಅನ್ನೋ ಪುಟ್ಟ ಉಚಿತ ತಂತ್ರಾಂಶಕ್ಕೆ ಸಾಟಿಯಿಲ್ಲ, ಟೈಪ್ ಮಾಡುತ್ತಿದ್ದ ಹಾಗೇ ಪಟ್ಟಿ ಬರುತ್ತದೆ. ಮ್ಯಾಕ್‌ನವರಿಗೆ ಸ್ಪಾಟ್‌ಲೈಟ್ ಸಾಕು. ಎರಡು ಅರ್ಧಂಬರ್ಧ ಪದ ಟೈಪ್ ಮಾಡೋ ಅಭ್ಯಾಸ ಮಾಡಿಕೊಳ್ಳಿ: "ಬಿಲ್ ಪ್ರಿಂ". ಒಂದು ಪೂರ್ತಿ ಪದಕ್ಕಿಂತ ಇದು ಬೇಗ ಗುರಿ ಮುಟ್ಟುತ್ತದೆ.

ಬ್ಯಾಕಪ್ ಬಗ್ಗೆ ಒಂದೇ ಮಾತು. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಮನೆಯಿಂದ ಹೊರಗೆ. 3-2-1 ಅಂತಾರೆ ಇದಕ್ಕೆ. ಕ್ಲೌಡ್ ಸಿಂಕ್, ಅಂದರೆ ಫೈಲುಗಳು ತಾವಾಗೇ ಅಂತರ್ಜಾಲದಲ್ಲೂ ನಕಲಾಗೋ ಏರ್ಪಾಡು, ಇದೆ ಅಂತ ನೆಮ್ಮದಿಯಾಗಬೇಡಿ, ಇಲ್ಲಿ ಅಳಿಸಿದರೆ ಅಲ್ಲೂ ಅಳಿಸುತ್ತದೆ. ಪಾಸ್‌ವರ್ಡುಗಳನ್ನು ಈ ಫೋಲ್ಡರುಗಳಲ್ಲಿ ಇಡಲೇಬೇಡಿ. ಬೇಗ ಸಿಗೋ ಹಾಗೆ ಜೋಡಿಸಿದ್ದು ಕಳ್ಳನಿಗೂ ಬೇಗ ಸಿಗುತ್ತದೆ. ಅವಕ್ಕೆ ಪಾಸ್‌ವರ್ಡ್ ಮ್ಯಾನೇಜರ್ ಅನ್ನೋ ಬೇರೆ ತಂತ್ರಾಂಶ ಇದೆ.

ಸೋತ ಪದವನ್ನು ಬಿಡಬೇಡಿ

ಮೇಲಿನದ್ದೆಲ್ಲ ಮರೆತರೂ ಇದೊಂದು ಇಟ್ಟುಕೊಳ್ಳಿ. ಒಂದು ಪದ ಟೈಪ್ ಮಾಡಿದಿರಿ, ಸಿಗಲಿಲ್ಲ. ಆಮೇಲೆ ಬೇರೆ ಯಾವುದೋ ದಾರಿಯಲ್ಲಿ ಫೈಲ್ ಸಿಕ್ಕಿತು. ತೆರೆದು ಕೆಲಸ ಮುಗಿಸಿ ಹಾಗೇ ಮುಚ್ಚಬೇಡಿ. ಮೊದಲು ಟೈಪ್ ಮಾಡಿ ಸೋತಿರಲ್ಲ, ಆ ಪದವನ್ನೇ ಹೆಸರಿಗೆ ಸೇರಿಸಿ. ವಿಂಡೋಸಿನಲ್ಲಿ ಎಫ್2 ಒತ್ತಿ, ಒಂದು ಪದ ಬರೆದು, ಎಂಟರ್. ಹತ್ತು ಸೆಕೆಂಡ್ ಕೆಲಸ. ಸೋತದ್ದು ನಿಮ್ಮ ತಪ್ಪು ಅಂದುಕೊಳ್ಳಬೇಡಿ. ಆ ಪದ ಒಮ್ಮೆ ಬಾಯಿಗೆ ಬಂತು ಅಂದರೆ ಇನ್ನೊಮ್ಮೆಯೂ ಬರುತ್ತದೆ.

ಶನಿವಾರ ಬೆಳಗ್ಗೆ 15 ನಿಮಿಷ "ಬಂದದ್ದು" ಫೋಲ್ಡರಿಗೆ ಕೊಡುತ್ತೇನೆ. ಹೆಸರಿಟ್ಟು ಒಳಗೆ ಕಳಿಸೋದು, ಬೇಡದ್ದನ್ನು ಅಳಿಸೋದು. ಮುಗಿಯದಿದ್ದರೆ ಮುಂದಿನ ವಾರಕ್ಕೆ. ತಿಂಗಳಿಗೊಮ್ಮೆ ಗಂಡನ ಕೈಗೆ ಮೊಬೈಲ್ ಸ್ಟಾಪ್‌ವಾಚ್ ಕೊಟ್ಟು "ಏನಾದರೂ ಒಂದು ಕೇಳಿ" ಅನ್ನುತ್ತೇನೆ. 30 ಸೆಕೆಂಡಿನಲ್ಲಿ ತೆಗೆಯಬೇಕು. ಅವರಿಗೆ ಇದು ತಮಾಷೆ. ಹೋದ ಸಲ ಕೇಳಿದ್ದು ಆ ಪ್ರಿಂಟರಿನದೇ: "ಅದರ ಗ್ಯಾರಂಟಿ ಕಾರ್ಡ್ ತೆಗಿ ನೋಡೋಣ." ನಾನೂ ಅವರ ಮಾತಿನ ಜೊತೆಗೇ "ಗ್ಯಾರಂಟಿ" ಅಂತ ಟೈಪ್ ಮಾಡಿಬಿಟ್ಟೆ. ಸೊನ್ನೆ. "ಬಿಲ್ ಪ್ರಿಂ" ಅಂದ ಮೇಲೆ ಸಿಕ್ಕಿತು, 41 ಸೆಕೆಂಡ್. ಅವರು ನಗುತ್ತಿದ್ದರು. ನಾನು ಎಫ್2 ಒತ್ತಿ "ವಾರಂಟಿ" ಪಕ್ಕದಲ್ಲಿ "ಗ್ಯಾರಂಟಿ" ಸೇರಿಸಿದೆ.